ಅಂಚಿನಿಂದ ಶುರುವಾಗುವ ನೆಲ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಅಗ್ರಹಾರಗಳಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಮನೆಗಳ ಹಜಾರಕ್ಕೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ನೆಲ. ಸ್ವಲ್ಪ ಹೊತ್ತು ಕೂತ ಮೇಲೆ ಕಾಣುವುದು ಅದರ ಸುತ್ತ ಓಡಿರುವ ಕಪ್ಪು ಪಟ್ಟಿ. ಗೋಡೆಯಿಂದ ಒಂದು ಗೇಣು ಒಳಗೆ, ನಾಲ್ಕು ಬೆರಳು ಅಗಲ, ಮೂಲೆಮೂಲೆಗೂ ಒಂದು ಚೌಕ ಅಥವಾ ಎಸಳು ಬಿಡಿಸಿದ ಹೂವು. ಕೆಲವು ಮನೆಗಳಲ್ಲಿ ಕಪ್ಪಿನ ಒಳಮಗ್ಗುಲಿಗೆ ಹಸಿರಿನ ಅಥವಾ ಹಳದಿಯ ಇನ್ನೊಂದು ಸಣ್ಣ ಗೆರೆ. ಆ ಪಟ್ಟಿ ಇಲ್ಲದೆ ಹೋಗಿದ್ದರೆ ಕೆಂಪು ನೆಲ ಬರೀ ಬಣ್ಣದ ಸಿಮೆಂಟಾಗಿ ಉಳಿಯುತ್ತಿತ್ತು. ಪಟ್ಟಿ ಬಂದದ್ದರಿಂದ ಅದು ಹಾಸಾಯಿತು. ಇಲ್ಲಿಂದ ಇಲ್ಲಿಯವರೆಗೆ ಜನ ಕೂರುವ ಜಾಗ, ಅದರಾಚೆಯದು ಗೋಡೆಗೆ ಸೇರಿದ್ದು ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ಮನೆಗೆ ಬಂದವರು ಚಾಪೆ ಹಾಸುವಾಗಲೂ ಅಂಚು ಬಿಟ್ಟು ಒಳಗೇ ಹಾಸುತ್ತಾರೆ.

ಈಗ ಮನೆ ಕಟ್ಟಿಸುವವರು ನೆಲದ ಬಗ್ಗೆ ಯೋಚನೆ ಮಾಡುವುದು ಟೈಲ್ಸ್ ಅಂಗಡಿಗೆ ಹೋದ ಮೇಲೆಯೇ. ಅಲ್ಲಿ ಗುಜರಾತಿನ ಮೋರ್ಬಿಯಿಂದ ಬಂದ, 2 ಅಡಿಗೆ 4 ಅಡಿಯ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಸಾಲಾಗಿ ನಿಂತಿರುತ್ತವೆ. ಬಾರ್ಡರ್ ಇದೆಯಾ ಎಂದು ಕೇಳಿದರೆ, ಈಗ ಯಾರೂ ಹಾಕಿಸಲ್ಲ ಸರ್, ಎನ್ನುತ್ತಾರೆ. ಸಂದೇ ಕಾಣದ ಹಾಗೆ ಗೋಡೆಯಿಂದ ಗೋಡೆಗೆ ಹಾಸಿಬಿಡುವುದು ಈಗಿನ ಪದ್ಧತಿ. ಇನ್ನು ಕೆಲವರು ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಮನಸ್ಸು ಬದಲಾಯಿಸಿ, ಎಲ್ಲಾದರೂ ಒಂದು ಹೂವಿನ ಪಟ್ಟಿ ಸೇರಿಸಿ ಎಂದು ಮೇಸ್ತ್ರಿಯನ್ನು ಕೇಳುತ್ತಾರೆ. ಆಗ ಪಟ್ಟಿಯೇನೋ ಸೇರುತ್ತದೆ. ಆದರೆ ಒಂದು ಮೂಲೆಯಲ್ಲಿ ಹೂವು ಅರ್ಧಕ್ಕೆ ತುಂಡಾಗಿರುತ್ತದೆ, ಬಾಗಿಲ ಬಳಿ ಪಟ್ಟಿ ಎಲ್ಲಿಗೂ ಹೋಗದೆ ನಿಂತಿರುತ್ತದೆ. ಅಂಚು ಚೆಂದ ಕಾಣುವುದಿಲ್ಲ ಎನ್ನುವವರು ಬಹುಮಟ್ಟಿಗೆ ನೋಡಿರುವುದು ಇಂಥದ್ದನ್ನೇ. ನೆಲದ ಲೆಕ್ಕ ಅಂಚಿನಿಂದ ಶುರುವಾಗಬೇಕು. ಮೂಲೆ ಮೊದಲು, ಅಂಚು ಆಮೇಲೆ, ನಡುವಿನ ನೆಲ ಕೊನೆಗೆ. ಈ ಅನುಕ್ರಮ ತಿರುವುಮುರುವಾದರೆ ಎಷ್ಟು ದುಡ್ಡು ಸುರಿದರೂ ನೆಲ ಸರಿಹೋಗುವುದಿಲ್ಲ.

ಸಿಮೆಂಟು ಬರುವುದಕ್ಕೆ ಮೊದಲೂ ನಮ್ಮ ನೆಲಗಳಿಗೆ ಅಂಚಿತ್ತು. ಮಣ್ಣಿನ ನೆಲವನ್ನು ಸಗಣಿಯಲ್ಲಿ ಸಾರಿಸಿ, ಅದು ಆರಿದ ಮೇಲೆ ಗೋಡೆಗುಂಟ ಕೆಮ್ಮಣ್ಣಿನ ಪಟ್ಟಿ ಬಳಿದು, ಅದರ ಮಗ್ಗುಲಿಗೆ ಸುಣ್ಣದ ಅಥವಾ ಜೇಡಿಯ ಬಿಳಿ ಗೆರೆ ಎಳೆಯುತ್ತಿದ್ದರು. ಹಬ್ಬ ಬಂದರೆ, ಮನೆಯಲ್ಲಿ ಮದುವೆ ನಿಶ್ಚಯವಾದರೆ ಎಲ್ಲಕ್ಕಿಂತ ಮೊದಲು ನಡೆಯುತ್ತಿದ್ದದ್ದು ಈ ಸಾರಣೆ-ಕಾರಣೆ. ಪೂರ್ತಿ ಹೆಂಗಸರ ಕೆಲಸ. ಅದರಲ್ಲಿ ಅಂದದ ಜೊತೆಗೆ ಉಪಾಯವೂ ಇತ್ತು. ಬೀಸಾಗಿ ಓಡುವ ಕೈ ಗೋಡೆಗೆ ಬಂದು ತಾಗುವ ಕಡೆ ಸಾರಣೆ ಒರಟಾಗುತ್ತದೆ, ಸಗಣಿ ಗೋಡೆಗೂ ಹತ್ತುತ್ತದೆ. ಕೆಮ್ಮಣ್ಣಿನ ಪಟ್ಟಿ ಆ ಒರಟನ್ನು ಮುಚ್ಚಿ, ನೆಲ ಮತ್ತು ಗೋಡೆ ಸೇರುವ ಜಾಗವನ್ನು ನೇರ ಮಾಡುತ್ತಿತ್ತು. ಇವತ್ತು ಮೇಸ್ತ್ರಿಗಳು ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಕೂರಿಸುವುದೂ ಬಹುಪಾಲು ಇದೇ ಕಾರಣಕ್ಕೆ. ನೆಲ ಒರೆಸುವ ಬಟ್ಟೆಯ ಕೊಳೆ ಸುಣ್ಣದ ಗೋಡೆಗೆ ಅಂಟದಿರಲಿ ಎಂದು.

ರಂಗೋಲಿಯಲ್ಲೂ ಅಂಚು ಬೇರೆಯದೇ ವಿದ್ಯೆ. ನಡುವಿನ ಮಂಡಲವನ್ನು ಚುಕ್ಕಿ ಎಣಿಸಿ ಯಾರಾದರೂ ಹಾಕಿಯಾರು. ಅದರ ಸುತ್ತ ಬಳ್ಳಿ ಹರಿಸಿ, ಮೂಲೆಯಲ್ಲಿ ಅದನ್ನು ಕಡಿಯದೆ ತಿರುಗಿಸುವುದು ಕೈ ಪಳಗಿದವರಿಗೆ ಮಾತ್ರ ಸಾಧ್ಯ. ಆಮೇಲೆ ಬಂದ ಗಾರೆಯವರು, ಟೈಲು ಮಾಡುವವರು ಎದುರಿಸಿದ್ದೂ ಇದೇ ಕಷ್ಟವನ್ನು.

ಕಾವಿ ನೆಲದ ಕೈಕೆಲಸ

ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ಹೇಗೆ ಆಗುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಿದರೆ ಅಂಚಿನ ಬೆಲೆ ತಿಳಿಯುತ್ತದೆ. ಕೆಳಗೆ ಗಟ್ಟಿ ಕಾಂಕ್ರೀಟು, ಅದರ ಮೇಲೆ ಮಟ್ಟ ಹಿಡಿದ ಗಾರೆ. ಅದು ಇನ್ನೂ ಹಸಿಯಿರುವಾಗಲೇ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿದ ತೆಳುವಾದ ಮೇಲ್ಪದರ. ಆಮೇಲಿನದೆಲ್ಲ ಕರಣೆಯ ಕೆಲಸ. ಮೇಸ್ತ್ರಿ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ, ಸಿಮೆಂಟು ಬಿಗಿಯುತ್ತ ಬಂದ ಹಾಗೆ ಮತ್ತೆ ಮತ್ತೆ ಒತ್ತಿ ತೀಡುತ್ತಾನೆ. ಬೇಗ ತೀಡಿದರೆ ನೀರು ಮೇಲೆ ಬಂದು ಬಣ್ಣ ಮಸುಕಾಗುತ್ತದೆ. ತಡವಾದರೆ ಕರಣೆಯ ಗೀರು ಹಾಗೆಯೇ ಕೂತುಬಿಡುತ್ತದೆ. ಮರುದಿನದಿಂದ ವಾರದ ಮಟ್ಟಿಗೆ ನೆಲದ ಮೇಲೆ ನೀರು ನಿಲ್ಲಿಸಬೇಕು. ಹೊಳಪು ಬರುವುದು ಆಮೇಲೆ, ಮೇಣದಿಂದ, ಕೊಬ್ಬರಿ ಎಣ್ಣೆಯಿಂದ, ಮತ್ತು ದಿನವೂ ಒರೆಸುವ ಬಟ್ಟೆ ಹಾಗೂ ಬರಿಗಾಲುಗಳಿಂದ.

ಇದರಲ್ಲಿ ಎರಡು ಬಣ್ಣಗಳನ್ನು ಅಕ್ಕಪಕ್ಕ ಒಟ್ಟಿಗೆ ಹಸಿಯಾಗಿ ಹಾಕಲು ಬರುವುದಿಲ್ಲ, ಒಂದು ಇನ್ನೊಂದರೊಳಕ್ಕೆ ಹರಿಯುತ್ತದೆ. ಹಾಗಾಗಿ ಒಂದನ್ನು ಮೊದಲು ಹಾಕಿ, ಅದು ಬಿಗಿದ ಮೇಲೆ ಅದರ ಅಂಚನ್ನು ಕರಣೆಯ ಮೊನೆಯಿಂದ ನೇರಕ್ಕೆ ಕತ್ತರಿಸಿ, ಆಮೇಲೆ ಪಕ್ಕದ ಬಣ್ಣ ತುಂಬಬೇಕು. ಹಸಿರು, ಹಳದಿ ಬೇಕೆಂದರೆ ಬೂದು ಸಿಮೆಂಟು ಬಣ್ಣವನ್ನು ಕೊಲ್ಲುತ್ತದೆ, ಬಿಳಿ ಸಿಮೆಂಟೇ ಬೇಕು. ನಾಲ್ಕು ಬೆರಳಗಲದ ಒಂದು ಪಟ್ಟಿಗೆ ಇಷ್ಟು ಕಾಯುವಿಕೆ. ಮೂಲೆಯ ಹೂವಿಗೆ ತಗಡಿನ ಅಚ್ಚು ಇಟ್ಟುಕೊಂಡು ಎಸಳೆಸಳಾಗಿ ತುಂಬುತ್ತಿದ್ದರು. ಹಸಿ ಮೇಲ್ಪದರಕ್ಕೆ ದಾರ ಬಿಗಿದು ಒತ್ತಿ ಗೆರೆ ಎಬ್ಬಿಸುವ ಸುಲಭದ ದಾರಿಯೂ ಇತ್ತು. ಹಲವು ಬಡ ಮನೆಗಳಲ್ಲಿ ಅಂಚೆಂದರೆ ಆ ದಾರದ ಜೋಡಿ ಗೆರೆ ಮಾತ್ರ. ಅದರಲ್ಲೂ ಒಂದು ಅಚ್ಚುಕಟ್ಟಿದೆ, ಅದನ್ನು ಕಡಿಮೆಯೆಂದು ನಾನು ಎಣಿಸುವುದಿಲ್ಲ.

ಈ ಅಂಚು ನೆಲದ ಆರೋಗ್ಯಕ್ಕೂ ಬೇಕಿತ್ತು. ಸಿಮೆಂಟು ಒಣಗುತ್ತ ಕುಗ್ಗುತ್ತದೆ. ಇಡೀ ಹಜಾರವನ್ನು ಒಂದೇ ಹಾಳೆಯಂತೆ ಹಾಕಿದರೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟೇ ಬಿಡುತ್ತದೆ, ಅದೂ ತನಗೆ ಬೇಕಾದ ಕಡೆ. ಅಂಚು, ನಡುವಿನ ಚೌಕ ಎಂದು ತುಂಡು ಮಾಡಿ ಬೇರೆ ಬೇರೆ ದಿನ ಹಾಕಿದಾಗ ಕುಗ್ಗುವ ಸೆಳೆತ ಆ ಸಂದುಗಳಲ್ಲೇ ಮುಗಿದುಹೋಗುತ್ತದೆ. ಬಿರುಕು ಬಿಟ್ಟರೂ ಗೆರೆಯೊಳಗೆ ಬಿಟ್ಟಿತು, ಕಣ್ಣಿಗೆ ಬೀಳಲಿಲ್ಲ. ಮೊಸಾಯಿಕ್ ನೆಲಗಳಲ್ಲಿ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ನಿಲ್ಲಿಸಿ ಚೌಕ ಚೌಕವಾಗಿ ತುಂಬುತ್ತಿದ್ದದ್ದೂ ಇದಕ್ಕೇ. ಈಚೆಗೆ ಬೆಂಗಳೂರಿನಲ್ಲಿ ಕೆಲವು ವಾಸ್ತುಶಿಲ್ಪಿಗಳು ಕಾವಿ ನೆಲವನ್ನು ಮತ್ತೆ ಮಾಡಿಸುತ್ತಿದ್ದಾರೆ, ಸಂತೋಷದ ಸಂಗತಿ. ಆದರೆ ಅಂಚು ಬಿಟ್ಟು ಬರೀ ಕೆಂಪನ್ನು ಗೋಡೆಯವರೆಗೂ ಹರಡಿಸಿ, ಎರಡನೆಯ ಬೇಸಿಗೆಗೆ ಬಿರುಕು ಬಿಟ್ಟಿತೆಂದು ಮೇಸ್ತ್ರಿಯನ್ನು ದೂರುವವರನ್ನೂ ಕಂಡಿದ್ದೇನೆ. ಹಳಬರು ಪಟ್ಟಿಯನ್ನು ಹಾಕಿದ್ದು ಏಕೆಂದು ಕೇಳದೆ ಪಟ್ಟಿಯನ್ನು ಬಿಟ್ಟರೆ ಆಗುವುದು ಇದೇ.

ಉತ್ತರ ಕರ್ನಾಟಕದ ಮನೆಗಳ ದಾರಿ ಬೇರೆ. ಅಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿ ಕಲ್ಲು. ತಣ್ಣನೆಯ ಬೂದು ಬಣ್ಣದ ಸುಣ್ಣಕಲ್ಲು, ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಮಲಗಿದವರಿಗೆ ಬೇರೆ ಸುಖ ಬೇಡ. ಬೂದು ಹಾಸಿನ ಸುತ್ತ ಕಡಪದ ಕಪ್ಪು ಕಲ್ಲಿನ ಪಟ್ಟಿ ಕೂರಿಸಿದರೆ ಅದಕ್ಕಿಂತ ಗಂಭೀರವಾದ, ಅದಕ್ಕಿಂತ ಅಗ್ಗದ ಅಂಚು ಇವತ್ತಿಗೂ ಇನ್ನೊಂದಿಲ್ಲ.

ಅಚ್ಚಿನ ಟೈಲುಗಳು ಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪು ಅಂಚನ್ನು ಕಾರ್ಖಾನೆಯಲ್ಲಿ ಮಾಡತೊಡಗಿತು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟಿನಲ್ಲಿ ಹರ್ಬರ್ಟ್ ಮಿಂಟನ್ ಅವರ ಕಾರ್ಖಾನೆ ಎನ್‌ಕಾಸ್ಟಿಕ್ ಟೈಲುಗಳನ್ನು ತಯಾರಿಸಿತು. ಒಂದು ಬಣ್ಣದ ಜೇಡಿಮಣ್ಣಿನಲ್ಲಿ ಚಿತ್ತಾರದ ತಗ್ಗು ಮಾಡಿ, ಅದರೊಳಗೆ ಇನ್ನೊಂದು ಬಣ್ಣದ ಮಣ್ಣು ತುಂಬಿ ಸುಟ್ಟ ಟೈಲು ಇದು. ಚಿತ್ರ ಮೇಲೆ ಬಳಿದದ್ದಲ್ಲವಾದ್ದರಿಂದ ಸವೆದರೂ ಬೇಗ ಅಳಿಯುವುದಿಲ್ಲ. ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡಕ್ಕೆ 1856ರಲ್ಲಿ ಹಾಸತೊಡಗಿದ್ದು ಮಿಂಟನ್ ಟೈಲುಗಳನ್ನೇ. ಅದೇ ಕಾಲದಲ್ಲಿ ಫ್ರಾನ್ಸಿನ ದಕ್ಷಿಣದಲ್ಲೂ ಬಾರ್ಸಿಲೋನಾದಲ್ಲೂ ಮಣ್ಣು ಸುಡುವ ಗೊಡವೆಯೇ ಇಲ್ಲದೆ, ಬಣ್ಣದ ಸಿಮೆಂಟನ್ನು ಅಚ್ಚಿನಲ್ಲಿ ಒತ್ತಿ ಟೈಲು ಮಾಡುವ ಕ್ರಮ ಬೆಳೆಯಿತು. ಬಾರ್ಸಿಲೋನಾದ ಹಳೆಯ ಮನೆಗಳಲ್ಲಿ ಪ್ರತಿ ಕೋಣೆಗೂ ಒಂದೊಂದು ಸಿಮೆಂಟಿನ ಜಮಖಾನ, ಪ್ರತಿಯೊಂದಕ್ಕೂ ಅದರದೇ ಅಂಚು ಮತ್ತು ಮೂಲೆಯ ಬಿಲ್ಲೆ.

ಈ ವಿದ್ಯೆ ನಮ್ಮ ದೇಶಕ್ಕೂ ಬಂತು, ಮತ್ತು ಒಂದು ಹೆಮ್ಮೆಯ ರೂಪ ಪಡೆಯಿತು. ವಿದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಟೈಲುಗಳಿಗೆ ಸಮನಾದದ್ದನ್ನು ಇಲ್ಲಿಯೇ ಮಾಡಬೇಕೆಂಬ ಸ್ವದೇಶಿ ಹಟದಿಂದ 1922ರಲ್ಲಿ ಸಿಧ್ವಾ ಕುಟುಂಬದ ಫಿರೋಜ್‌ಶಾ ಸಿಧ್ವಾ ಮುಂಬಯಿಯ ಭಾರತ್ ಫ್ಲೋರಿಂಗ್ಸ್ ಅನ್ನು ಕಟ್ಟಿದರು. ಅದು ಈಗಲೂ ಸಿಮೆಂಟು ಟೈಲು ಮಾಡುತ್ತಿದೆ. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯನ್ನು ನಾವು ನೆನೆಯುವುದು ಹೆಂಚಿಗಾಗಿ. ಆದರೆ ಮಂಗಳೂರಿನ ಮಣ್ಣು ನೆಲಹಾಸಿನ ಬಿಲ್ಲೆಯಾಗಿಯೂ ಬಹಳ ಮನೆಗಳನ್ನು ಸೇರಿತು. ಮೈಸೂರು ಅರಮನೆಗಂತೂ ಹೋಗಿ ಬಂದವರೇ ಎಲ್ಲ. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಎದ್ದು 1912ಕ್ಕೆ ಮುಗಿದ ಆ ಅರಮನೆಯ ಕಲ್ಯಾಣ ಮಂಟಪಕ್ಕೆ ಎಂಟು ಮೂಲೆ. ಮೇಲೆ ಬಣ್ಣದ ಗಾಜಿನಲ್ಲಿ ನವಿಲು, ಕೆಳಗೆ ನೆಲದ ಟೈಲುಗಳಲ್ಲಿ ಮತ್ತೆ ನವಿಲು. ನೋಡಲು ಬಂದವರ ಕುತ್ತಿಗೆಯೆಲ್ಲ ಮೇಲಕ್ಕೇ ಇರುತ್ತದೆ. ಮುಂದಿನ ಸಲ ಹೋದಾಗ ಸ್ವಲ್ಪ ಕೆಳಗೂ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಇವತ್ತು ಬೆಂಗಳೂರು, ಮೈಸೂರಿನ ಹೊಸ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವ ಅಂಚಿನ ಟೈಲು ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಆತಂಗುಡಿಯದು. ಚೆಟ್ಟಿನಾಡಿನ ದೊಡ್ಡ ಮನೆಗಳಿಗಾಗಿ ಬೆಳೆದ ಈ ಕೈಗಾರಿಕೆ ಈಗಲೂ ಕೈಯದೇ. ಮಾಡುವ ಬಗೆ ಸರಳ, ಆದರೆ ಕೈ ನಡುಗುವಂತಿಲ್ಲ. ಒಂದು ಗಾಜಿನ ತುಂಡು. ಅದರ ಮೇಲೆ ಕಬ್ಬಿಣದ ಚೌಕಟ್ಟು. ಚೌಕಟ್ಟಿನೊಳಗೆ ಚಿತ್ತಾರದ ಮನೆಗಳುಳ್ಳ ತಗಡಿನ ಅಚ್ಚು. ನೀರಾಗಿ ಕಲಸಿದ ಬಣ್ಣದ ಸಿಮೆಂಟನ್ನು ಸೌಟಿನಲ್ಲಿ ಒಂದೊಂದು ಮನೆಗೂ ಸುರಿಯುತ್ತಾರೆ. ಎಸಳಿಗೆ ಹಳದಿ, ಎಲೆಗೆ ಹಸಿರು, ಬಯಲಿಗೆ ಕೆಂಪು. ಅಚ್ಚನ್ನು ಅಲುಗದಂತೆ ಮೇಲೆತ್ತುತ್ತಾರೆ. ಬಣ್ಣಗಳು ಒಂದನ್ನೊಂದು ತಾಗಿ ನಿಲ್ಲುತ್ತವೆ, ಬೆರೆಯುವುದಿಲ್ಲ. ಅದರ ಬೆನ್ನಿಗೆ ಒಣ ಮರಳು-ಸಿಮೆಂಟು ಉದುರಿಸಿ, ಆಮೇಲೆ ಒದ್ದೆ ಗಾರೆ ತುಂಬಿ ಮಟ್ಟ ಮಾಡುತ್ತಾರೆ. ಗಾಜಿನ ಸಮೇತ ಒಣಗಿಸಿ, ನೀರಿನ ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಬೆಂಕಿಯ ಮಾತೇ ಇಲ್ಲ. ಗಾಜನ್ನು ಬಿಡಿಸಿದಾಗ ಗಾಜಿನ ನುಣುಪೇ ಟೈಲಿನ ನುಣುಪಾಗಿ ಬಂದಿರುತ್ತದೆ. ಅಂದರೆ ಮಾಡುವವರು ಚಿತ್ರವನ್ನು ಬರೆಯುವುದು ತಲೆಕೆಳಗಾಗಿ. ಮುಖ ಕೆಳಗೆ, ಬೆನ್ನು ಮೇಲೆ.

ಆತಂಗುಡಿಯವರ ಬಳಿ ಅಂಚಿಗೆ ಬೇರೆ ಅಚ್ಚು, ಮೂಲೆಗೆ ಬೇರೆ ಅಚ್ಚು. ಮೂಲೆಯ ಬಿಲ್ಲೆಯಲ್ಲಿ ಬಳ್ಳಿ ಒಂದು ಬದಿಯಿಂದ ಒಳಗೆ ಬಂದು, ಪಕ್ಕದ ಬದಿಯಿಂದ ಹೊರಗೆ ಹೋಗಬೇಕು. ಬಂದ ಜಾಗ ಮತ್ತು ಹೋಗುವ ಜಾಗ ಎರಡೂ ಅಂಚಿನ ಬಿಲ್ಲೆಯ ಬಳ್ಳಿಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ನಾಲ್ಕೇ ಬಿಲ್ಲೆಗಳಿಗಾಗಿ ಒಂದು ಅಚ್ಚು ಮಾಡುವುದು ಯಂತ್ರದ ಕಾರ್ಖಾನೆಗೆ ನಷ್ಟ. ಅದಕ್ಕೇ ದೊಡ್ಡ ಕಂಪನಿಗಳ ಬಾರ್ಡರ್ ಪಟ್ಟಿಗಳಲ್ಲಿ ಎಷ್ಟೋ ಸಲ ಮೂಲೆಯ ತುಂಡು ಇರುವುದೇ ಇಲ್ಲ, ಎರಡು ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿ ಎನ್ನುತ್ತಾರೆ. ಸಾದಾ ಗೆರೆಯಾದರೆ ಅದು ನಡೆಯುತ್ತದೆ. ಹೂಬಳ್ಳಿಯಾದರೆ ನಡೆಯುವುದಿಲ್ಲ. ಅಂಗಡಿಯಲ್ಲಿ ಅಂಚನ್ನು ಆರಿಸುವ ಮೊದಲು ಅದರ ಮೂಲೆ ತೋರಿಸಿ ಎಂದು ಕೇಳಿ. ಮೂಲೆ ಇಲ್ಲದ ಚಿತ್ತಾರವನ್ನು, ಎಷ್ಟೇ ಮನಸ್ಸಿಗೆ ಬಂದಿದ್ದರೂ, ಅಲ್ಲಿಯೇ ಬಿಟ್ಟು ಬನ್ನಿ.

ಒಂದು ಕೋಣೆಯ ಲೆಕ್ಕ

ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಅಗಲ 11 ಅಡಿ 6 ಇಂಚು, ಉದ್ದ 14 ಅಡಿ 3 ಇಂಚು. ಇಂಚಿನಲ್ಲಿ 138 ಮತ್ತು 171. ಟೈಲು 8 ಇಂಚಿನ ಚೌಕ, ಅಂಚಿನದೂ ನಡುವಿನದೂ ಒಂದೇ ಅಳತೆ. ಗೋಡೆಯಿಂದ ಹಾಸುತ್ತ ಬಂದರೆ ಅಗಲದಲ್ಲಿ 17 ಟೈಲು ಹಿಡಿದು 2 ಇಂಚು ಉಳಿಯುತ್ತದೆ, ಉದ್ದದಲ್ಲಿ 21 ಹಿಡಿದು 3 ಇಂಚು ಉಳಿಯುತ್ತದೆ. ಒಂದು ಗೋಡೆಯ ಬುಡದಲ್ಲಿ 2 ಇಂಚಿನ ಚೂರುಗಳ ಸಾಲು, ಇನ್ನೊಂದರ ಬುಡದಲ್ಲಿ 3 ಇಂಚಿನದು. ಎಲ್ಲ ಮನೆಗಳಲ್ಲೂ ನೋಡಿರುವ ಕುರೂಪ ಇದು, ಸಾಮಾನ್ಯವಾಗಿ ಸೋಫಾದ ಹಿಂದೆ ಅಡಗಿರುತ್ತದೆ.

ಈಗ ಗೋಡೆ ಬಿಟ್ಟು, ಅಂಚು ತುಂಡಾಗದಂತೆ ಲೆಕ್ಕ ಹಾಕಿ. ನಡುವೆ ಅಗಲಕ್ಕೆ 13, ಉದ್ದಕ್ಕೆ 17 ಟೈಲು ಇಡಿ. ಸುತ್ತ ಒಂದು ಸಾಲು ಅಂಚು. ಅಂಚೂ ಸೇರಿ 15ಕ್ಕೆ 19, ಅಂದರೆ 120 ಇಂಚಿಗೆ 152 ಇಂಚು. ಗೋಡೆಗೂ ಅಂಚಿಗೂ ನಡುವೆ ಒಂದು ದಿಕ್ಕಿನಲ್ಲಿ ತಲಾ 9 ಇಂಚು, ಇನ್ನೊಂದು ದಿಕ್ಕಿನಲ್ಲಿ ತಲಾ ಒಂಬತ್ತೂವರೆ ಇಂಚು ಉಳಿಯುತ್ತದೆ. ಟೈಲುಗಳ ಸಂದನ್ನೂ ಲೆಕ್ಕಕ್ಕೆ ಹಿಡಿದರೆ ಎರಡೂ ಸುಮಾರು ಅರ್ಧರ್ಧ ಇಂಚು ಇಳಿಯುತ್ತವೆ. ಈ ಹೊರ ಅಂಗುಲಗಳಿಗೆ ಒಂದೇ ಬಣ್ಣದ ಕಲ್ಲಿನ ಪಟ್ಟಿ ಅಥವಾ ಕಾವಿ. ಅರ್ಧ ಇಂಚಿನ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಎದುರುಬದುರು ಗೋಡೆಗಳಲ್ಲಿ ಅಳತೆ ಸಮನಾಗಿದ್ದರೆ ಸಾಕು, ಕಣ್ಣು ಹೋಲಿಸುವುದು ಎದುರುಬದುರನ್ನೇ ಹೊರತು ಅಕ್ಕಪಕ್ಕವನ್ನಲ್ಲ. ಬೇಕಾದ ಅಂಚಿನ ಬಿಲ್ಲೆ 60, ಮೂಲೆಯದು 4, ನಡುವಿನದು 221. ಒಂದೂ ಚಿತ್ತಾರದ ಟೈಲನ್ನು ಕತ್ತರಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ. ಅಂಚಿನ ಚಿತ್ತಾರ ಒಂದು ಬಿಲ್ಲೆಯಲ್ಲೇ ಪೂರ್ತಿಯಾಗುವುದಾದರೆ 13, 17 ಎಂಬ ಬೆಸ ಸಂಖ್ಯೆ ತೊಂದರೆಯಿಲ್ಲ. ಎರಡು ಬಿಲ್ಲೆ ಸೇರಿ ಒಂದು ಹೂವಾಗುವುದಾದರೆ ಸಮಸಂಖ್ಯೆ ಬೇಕು, 12 ಅಥವಾ 14. ಇಲ್ಲದಿದ್ದರೆ ಮೂಲೆಯ ಬಳಿ ಅರ್ಧ ಹೂವು ನಿಂತುಹೋಗುತ್ತದೆ. ಬಳ್ಳಿ ಒಂದೇ ದಿಕ್ಕಿಗೆ ಓಡುವಂಥದ್ದಾದರೆ ಸುತ್ತು ಪೂರ್ತಿ ಒಂದೇ ದಿಕ್ಕಿಗೆ ಓಡಿಸಿ, ಇಲ್ಲವೇ ಪ್ರತಿ ಬದಿಯ ನಟ್ಟನಡುವೆ ಎರಡು ಬಳ್ಳಿ ಎದುರಾಗುವಂತೆ ಮಾಡಿ. ಇದನ್ನೆಲ್ಲ ಚೌಕುಳಿ ಕಾಗದದ ಮೇಲೆ ಒಂದು ಸಂಜೆ ಕೂತು ಬರೆದರೆ ಮುಗಿಯುವ ಕೆಲಸ. ನೆಲದ ಮೇಲೆ ಗಾರೆ ಬಿದ್ದ ಮೇಲೆ ಯಾರಿಂದಲೂ ಆಗದು.

ಕಾಗದದಲ್ಲಿ ಕೋಣೆ ಚೊಕ್ಕವಾಗಿರುತ್ತದೆ, ನಿಜದಲ್ಲಿ ಇರುವುದಿಲ್ಲ. ಇಟ್ಟಿಗೆ ಗೋಡೆ, ಅದಕ್ಕೆ ಗಿಲಾವು, ನಾಲ್ಕು ಮೂಲೆಗಳಲ್ಲಿ ಒಂದಾದರೂ ಮೂಲೆಮಟ್ಟಕ್ಕೆ ಕೂಡುವುದಿಲ್ಲ. ಪರೀಕ್ಷೆಗೆ ಮೇಸ್ತ್ರಿಗಳ ಹಳೆಯ ಉಪಾಯವೇ ಸಾಕು. ಮೂಲೆಯಿಂದ ಒಂದು ಗೋಡೆಗುಂಟ 3 ಅಡಿಗೆ ಗುರುತು, ಇನ್ನೊಂದರಗುಂಟ 4 ಅಡಿಗೆ ಗುರುತು. ಎರಡರ ನಡುವೆ ಓರೆಯಾಗಿ ಅಳೆದರೆ ಸರಿಯಾಗಿ 5 ಅಡಿ ಬರಬೇಕು. ಬಾರದಿದ್ದರೆ ಮೂಲೆ ಓರೆ. ದೊಡ್ಡ ಕೋಣೆಗೆ 6, 8, 10 ಹಿಡಿಯಿರಿ. ಅಂಚನ್ನು ಗೋಡೆಗೆ ಅಂಟಿಸಿ ಹಾಕಿದರೆ ಗೋಡೆಯ ಓರೆಯೆಲ್ಲ ಅಂಚಿಗೆ ಬರುತ್ತದೆ, ಅಂಚಿನಿಂದ ಇಡೀ ನೆಲಕ್ಕೆ. ಒಂದು ಗೇಣು ಒಳಗೆ ಸರಿಸಿ, ದಾರ ಕಟ್ಟಿ, ಅಂಚನ್ನು ಅದರ ಪಾಡಿಗೆ ಚೊಕ್ಕ ಚೌಕವಾಗಿ ಕೂರಿಸಿದರೆ ಓರೆಯನ್ನೆಲ್ಲ ಹೊರಗಿನ ಸಾದಾ ಪಟ್ಟಿ ನುಂಗಿಕೊಳ್ಳುತ್ತದೆ. ಒಂದು ಕೊನೆಯಲ್ಲಿ 9 ಇಂಚು, ಇನ್ನೊಂದು ಕೊನೆಯಲ್ಲಿ ಎಂಟೂವರೆ. ಸಾದಾ ಬಣ್ಣದಲ್ಲಿ ಅದು ತಿಳಿಯುವುದೇ ಇಲ್ಲ. ಹಳೆಯ ಮನೆಗಳ ಕಪ್ಪು ಪಟ್ಟಿ ಗೋಡೆ ಬಿಟ್ಟು ಒಳಗೆ ಓಡುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಗೋಡೆ ಬಿಟ್ಟು ಎಷ್ಟು ಒಳಗೆ ಎಂಬುದನ್ನು ಪೀಠೋಪಕರಣ ತೀರ್ಮಾನಿಸಬೇಕು. ಸೋಫಾ ಮೂರಡಿ ನೆಲ ತಿನ್ನುತ್ತದೆ. ಅಂಚು ಅದರಡಿಗೆ ಹೋದರೆ ಮೂರು ಬದಿ ಮುಚ್ಚಿ ಒಂದು ಬದಿ ಕಾಣುವ ಪಟ್ಟಿ ಯಾರಿಗೂ ಅರ್ಥವಾಗುವುದಿಲ್ಲ. ಪ್ರಾಚೀನ ರೋಮಿನವರು ಇದನ್ನು ಚೆನ್ನಾಗಿ ತಿಳಿದಿದ್ದರು. ಅವರ ಊಟದ ಕೋಣೆಯಲ್ಲಿ ಒರಗಿ ಕೂರುವ ಮಂಚಗಳು ಮೂರು ಬದಿಗೆ. ಹಾಗಾಗಿ ಮಂಚಗಳು ನಿಲ್ಲುವ ಆ ಮೂರು ಬದಿಯ ನೆಲಕ್ಕೆ ಸಾದಾ ಮೊಸಾಯಿಕ್, ಕಣ್ಣಿಗೆ ಕಾಣುವ ನಡುವಿಗೂ ಬಾಗಿಲ ಕಡೆಗೂ ಮಾತ್ರ ಚಿತ್ರ, ಚಿತ್ರದ ಸುತ್ತ ಹೆಣಿಕೆಯ ಅಂಚು. ಅಗೆದು ತೆಗೆದ ಮನೆಯಲ್ಲಿ ಮಂಚ ಎಲ್ಲಿತ್ತೆಂದು ಇವತ್ತಿನವರು ನೆಲ ನೋಡಿಯೇ ಹೇಳುತ್ತಾರೆ. ಎರಡು ಸಾವಿರ ವರ್ಷದ ಹಿಂದಿನ ಆ ವಿವೇಕ ನಮ್ಮ ಅಪಾರ್ಟ್‌ಮೆಂಟುಗಳಿಗೂ ಬೇಕು. ಹಾಲಿನ ಅಂಚು ಸೋಫಾದ ಮುಂಗಾಲಿನ ಮುಂದೆ ಓಡಲಿ. ಮಂಚ, ಬೀರು ತುಂಬುವ ಮಲಗುವ ಕೋಣೆಗೆ ಅಂಚು ಬೇಡವೇ ಬೇಡ.

ಹಾಲ್ ಮತ್ತು ಊಟದ ಜಾಗ ಒಂದೇ ಆಗಿರುವ ಮನೆಗಳಲ್ಲಿ ಅಂಚು ಗೋಡೆಯ ಕೆಲಸವನ್ನೇ ಮಾಡಬಲ್ಲದು. ಊಟದ ಮೇಜಿನ ಸುತ್ತ ಕುರ್ಚಿ ಹಿಂದೆ ಸರಿಸುವಷ್ಟು ಜಾಗ ಬಿಟ್ಟು ಒಂದು ಚೌಕ ಓಡಿಸಿದರೆ ಅದು ಊಟದ ಮನೆಯಾಯಿತು. ಮೇಜಿನ ಆಚೆ ಪ್ರತಿ ಬದಿಗೂ ಕಡಿಮೆಯೆಂದರೆ ಎರಡೂವರೆ ಅಡಿ ಬಿಡಿ, ಕುರ್ಚಿಯ ಕಾಲು ಅಂಚಿನ ಮೇಲೆ ನಿಲ್ಲದಿರಲಿ. ಉದ್ದನೆಯ ಓಣಿಯಂಥ ಪ್ಯಾಸೇಜಿಗೆ ಎರಡೂ ಬದಿ ಅಂಚು ಹಾಕಿದರೆ ಇನ್ನಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಅಲ್ಲಿ ಬೆರಳಗಲದ ಒಂದು ಗೆರೆ ಸಾಕು. ಅಂಚಿನ ಬಣ್ಣ ನಡುವಿನದಕ್ಕಿಂತ ತೀರಾ ಗಾಢವಾದಷ್ಟೂ ಕೋಣೆ ಕುಗ್ಗುತ್ತದೆ. ಸಣ್ಣ ಕೋಣೆಗೆ ನಡುವಿನ ಬಣ್ಣದ್ದೇ ಒಂದು ಮೆಟ್ಟಿಲು ಕೆಳಗಿನ ಛಾಯೆ ಹೊಂದುತ್ತದೆ. ದೇವರ ಮನೆಯ ಮುಂದಿನ ನಾಲ್ಕು ಚದರಡಿ, ತುಳಸಿಕಟ್ಟೆಯ ಸುತ್ತು, ಮುಂಬಾಗಿಲ ಹೊಸ್ತಿಲ ಒಳಮಗ್ಗುಲು, ಇಷ್ಟರಲ್ಲೇ ಅಂಚಿನ ಆಸೆ ತೀರಿಸಿಕೊಂಡು ಉಳಿದ ಮನೆಯನ್ನು ಸಾದಾ ಬಿಟ್ಟರೆ ಖರ್ಚೂ ಕಡಿಮೆ, ನೋಟಕ್ಕೂ ತೂಕ. ಪ್ರತಿ ಕೋಣೆಗೂ ಒಂದೊಂದು ಚಿತ್ತಾರ ತುಂಬಿದ ಮನೆಗಳಲ್ಲಿ ನನಗೆ ಉಸಿರು ಕಟ್ಟುತ್ತದೆ. ಅಂಚು ಕಾಣಬೇಕಾದರೆ ಸುತ್ತ ಬಯಲಿರಬೇಕು.

ಬಾಗಿಲ ಬಳಿ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ಅಂಚು ಬಾಗಿಲನ್ನು ಲೆಕ್ಕಿಸದೆ ನೇರ ಸುತ್ತು ಹೊಡೆಯಲಿ, ಬಾಗಿಲ ಕೆಳಗಿನ ಪಟ್ಟಿಗೆ ಬೇರೆ ಒಂದೇ ಕಲ್ಲು ಕೂರಲಿ. ಪ್ರತಿ ಬಾಗಿಲಿಗೂ ಅಂಚನ್ನು ಒಳಕ್ಕೆ ಹೊರಕ್ಕೆ ಬಾಗಿಸಹೋದರೆ ಎರಡು ಬಾಗಿಲಿರುವ ಕೋಣೆಯಲ್ಲೇ ಮೂಲೆಗಳ ಸಂಖ್ಯೆ ನಾಲ್ಕರಿಂದ ಹನ್ನೆರಡಾಗುತ್ತದೆ, ತಪ್ಪಿನ ಸಾಧ್ಯತೆಯೂ ಅಷ್ಟೇ ಪಟ್ಟು.

ವಸ್ತುಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ದಪ್ಪದಲ್ಲಿ. ವಿಟ್ರಿಫೈಡ್ ಟೈಲಿನ ದಪ್ಪ ಸುಮಾರು 9ರಿಂದ 10 ಮಿಲಿಮೀಟರು. ಗ್ರಾನೈಟು, ಆತಂಗುಡಿ ಅದರ ಹೆಚ್ಚುಕಡಿಮೆ ಎರಡರಷ್ಟು. ಎರಡನ್ನೂ ಒಂದೇ ಗಾರೆಯ ಮಟ್ಟದ ಮೇಲೆ ಇಟ್ಟರೆ ಅಂಚು ಕಾಲಿಗೆ ತಾಗುವ ಮೆಟ್ಟಿಲಾಗುತ್ತದೆ, ವಯಸ್ಸಾದವರು ಎಡವುತ್ತಾರೆ. ಅಂಚಿನ ಜಾಗದಲ್ಲಿ ಕೆಳಗಿನ ಗಾರೆಯನ್ನೇ ತಗ್ಗಿಸಿ ಹಾಕಬೇಕು, ಇದನ್ನು ಕೆಲಸ ಶುರುವಾಗುವ ದಿನವೇ ಮೇಸ್ತ್ರಿಗೆ ಹೇಳಬೇಕು. ಸಿಮೆಂಟು ಟೈಲಿಗೂ ಅಮೃತಶಿಲೆಗೂ ಹುಳಿ ಶತ್ರು. ನಿಂಬೆ, ಹುಣಸೆ, ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಮೇಲ್ಮೈ ತಿಂದುಹೋಗುತ್ತದೆ. ಆದ್ದರಿಂದ ಅಡುಗೆಮನೆಗೆ ಅವು ಬೇಡ. ಬಚ್ಚಲಿಗೆ ಹೊಳಪಿನ ಗ್ರಾನೈಟು ಪಟ್ಟಿಯೂ ಬೇಡ, ಒದ್ದೆಯಾದರೆ ಜಾರುತ್ತದೆ. ವಾಟರ್‌ಜೆಟ್ ಯಂತ್ರದಲ್ಲಿ ಮರಳಿನಂಥ ಗಾರ್ನೆಟ್ ಪುಡಿ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ಹಾಯಿಸಿ ಕಲ್ಲನ್ನು ಬೇಕಾದ ಆಕಾರಕ್ಕೆ ಕತ್ತರಿಸಿಕೊಡುತ್ತಾರೆ. ಕೆಲಸ ನಿಖರ. ಆದರೆ ಆ ಅನುಕೂಲದಲ್ಲಿ ಮರುಳಾಗಿ ಎಲೆ, ಹೂವು, ಹಕ್ಕಿ ಎಲ್ಲವನ್ನೂ ತುಂಬಿಸಿಬಿಡುತ್ತಾರೆ. ಅಮೃತಶಿಲೆಯ ನಡುವೆ ಕಾಲಿಂಚಿನ ಒಂದು ಹಿತ್ತಾಳೆ ಗೆರೆ ಅವೆಲ್ಲಕ್ಕಿಂತ ಚೆನ್ನ, ತೀಡಿದಷ್ಟೂ ಹೊಳೆಯುತ್ತದೆ.

ತರಿಸುವಾಗ ನಡುವಿನ ಟೈಲು ನೂರಕ್ಕೆ ಹತ್ತು ಹೆಚ್ಚಿಗೆ, ಅಂಚಿನದು ಐದಾರು ಹೆಚ್ಚಿಗೆ, ಮೂಲೆಯದು ಎರಡು ಹೆಚ್ಚಿಗೆ ತರಿಸಿ. ಕೈಯಿಂದ ಮಾಡಿದ ಬಣ್ಣ ಒಂದು ಕಲಸಿನಿಂದ ಇನ್ನೊಂದು ಕಲಸಿಗೆ ಬದಲಾಗುತ್ತದೆ, ಮುಂದಿನ ವರ್ಷ ಬರೆದು ಕೇಳಿದರೆ ಅದೇ ಕೆಂಪು ಸಿಗುವುದಿಲ್ಲ. ಉಳಿದದ್ದನ್ನು ಅಟ್ಟದ ಮೇಲೆ ಹೆಸರು ಬರೆದು ಇಡಿ.

ಹಳೆಯ ಮನೆ ಕೆಡವಬೇಕಾಗಿ ಬಂದವರಲ್ಲಿ ಒಂದು ಮಾತು. ಬಾಗಿಲು, ಕಂಬ, ತೊಲೆಗಳನ್ನು ಕೊಳ್ಳುವವರು ಬರುತ್ತಾರೆ, ನೆಲವನ್ನು ಯಾರೂ ಕೇಳುವುದಿಲ್ಲ. ಅಚ್ಚಿನ ಟೈಲುಗಳಾದರೆ ಗೋಡೆ ಬೀಳುವುದಕ್ಕೆ ಮೊದಲು ಸಂದು ಬಿಡಿಸಿ ಜೋಪಾನವಾಗಿ ಎಬ್ಬಿಸಬಹುದು. ಅರ್ಧ ಉಳಿದರೂ ಹೊಸ ಮನೆಯ ದೇವರ ಮನೆಗೆ ಆಗುತ್ತದೆ. ಕಾವಿ ನೆಲವನ್ನು ಎಬ್ಬಿಸಲು ಬರುವುದಿಲ್ಲ, ಅದು ಮನೆಯ ಜೊತೆಗೇ ಹೋಗುತ್ತದೆ. ಆದರೆ ಅದರ ಅಂಚನ್ನು ಉಳಿಸಬಹುದು. ನೆಲ ಚೆನ್ನಾಗಿ ಒರೆಸಿ, ಮೂಲೆಯ ಹೂವಿನ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲಿನಲ್ಲಿ ತೆಗೆದುಕೊಳ್ಳಿ. ಪಟ್ಟಿಯ ಅಗಲ, ಗೋಡೆಯಿಂದ ಅದರ ದೂರ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಅದರ ಮೇಲೆಯೇ ಬರೆಯಿರಿ. ಹಗಲು ಬೆಳಕಿನಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೊ. ಆ ಕಾಗದವನ್ನು ಕೊಟ್ಟರೆ ಸಿಮೆಂಟು ಟೈಲು ಮಾಡುವವರು ಅದೇ ಅಳತೆಗೆ ತಗಡಿನ ಅಚ್ಚು ಕತ್ತರಿಸಿಕೊಡಬಲ್ಲರು. ಅರ್ಧ ದಿನದ ಕೆಲಸ, ಜೆಸಿಬಿ ಬರುವ ಹಿಂದಿನ ದಿನವಾದರೂ ಮಾಡಿ.